ನಿಮ್ಮ ಹಣ್ಣುನೊಣದ ಲೇಖನದಲ್ಲಿ ‘ಯಾವಾಗ’ ಅನ್ನುವ ಪ್ರಶ್ನೆ ಎಲ್ಲಿದೆ?

ನಮಸ್ಕಾರ,

ನೀವು ಕಳಿಸಿದ ‘ನೊಣದ ತಲೆಯೊಳಗಿನ ರಸಾಯನ’ ಓದಿದೆ. ನೇರವಾಗಿ ಹೇಳಿಬಿಡುತ್ತೇನೆ: ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ. ಹಸಿದ ಮರಿಹುಳುವಿನ ಬಗ್ಗೆ ನೀವು ಬರೆದ ಒಂದು ಪ್ಯಾರಾ ಇದೆಯಲ್ಲ, ಅದನ್ನು ಓದಿದಾಗಲೇ ನಿಮಗೆ ಈ ವಿಷಯದ ಮೇಲೆ ನಿಜವಾದ ಆಸೆ ಇದೆ ಅಂತ ಗೊತ್ತಾಯಿತು. ಅದಕ್ಕೇ ಇಷ್ಟುದ್ದ ಉತ್ತರ.

ನಿಮ್ಮ ಲೇಖನ ಹೇಳುವುದು ಇಷ್ಟು. ಡೋಪಮೈನ್ ಇಲ್ಲದ ನೊಣ ಪಾಠ ಕಲಿಯುವುದಿಲ್ಲ. ಸೆರೊಟೋನಿನ್ ಜಾಸ್ತಿ ಇದ್ದರೆ ಶಾಂತವಾಗಿರುತ್ತದೆ. ಆಕ್ಟೋಪಮೈನ್ ಹುರುಪು ಕೊಡುತ್ತದೆ. ಹಾಗಾಗಿ ನೊಣದ ಬೆಳವಣಿಗೆ, ಸ್ವಭಾವ ಎಲ್ಲವೂ ನರಕೋಶಗಳ ನಡುವೆ ಸುದ್ದಿ ಒಯ್ಯುವ ಈ ರಾಸಾಯನಿಕಗಳ ಕೈಯಲ್ಲಿದೆ. ಓದಲು ಸಲೀಸಾಗಿದೆ, ಒಪ್ಪುತ್ತೇನೆ. ಆದರೆ ಆರಂಭದಿಂದ ಕೊನೆಯವರೆಗೆ ಒಂದು ಕಡೆಯೂ ನೀವು ‘ಯಾವಾಗ?’ ಅಂತ ಕೇಳಿಲ್ಲ. ಈ ವಿಷಯದ ಜೀವ ಇರುವುದೇ ಆ ಪ್ರಶ್ನೆಯಲ್ಲಿ.

ಒಂದು ರಾಸಾಯನಿಕ ಹುಟ್ಟಿನಿಂದಲೇ ಇಲ್ಲದ ನೊಣ, ದೊಡ್ಡದಾದ ಮೇಲೆ ಬೇರೆ ಥರ ವರ್ತಿಸುತ್ತದೆ ಅಂದುಕೊಳ್ಳಿ. ಪರೀಕ್ಷೆ ಮಾಡುವ ಹೊತ್ತಿಗೆ ಅದರ ಮೆದುಳಿನಲ್ಲಿ ಆ ರಾಸಾಯನಿಕ ಇಲ್ಲ ಅನ್ನುವುದು ಕಾರಣವಾಗಿರಬಹುದು. ಅಥವಾ ಮೆದುಳು ಬೆಳೆಯುವಾಗ ಅದು ಇಲ್ಲದೆ ನರಗಳ ಜೋಡಣೆಯೇ ಬೇರೆಯಾಗಿ ಹೋಗಿರಬಹುದು. ಮನೆ ಕಟ್ಟುವಾಗಲೇ ವೈರಿಂಗ್ ತಪ್ಪಿರುವುದು ಬೇರೆ, ಸಂಜೆ ಕರೆಂಟ್ ಹೋಗುವುದು ಬೇರೆ, ಅಲ್ವಾ? ಎರಡರಲ್ಲೂ ದೀಪ ಉರಿಯುವುದಿಲ್ಲ. ನಿಮ್ಮ ಲೇಖನ ‘ದೀಪ ಉರಿಯಲಿಲ್ಲ’ ಅನ್ನುವಲ್ಲಿಗೆ ನಿಂತುಬಿಟ್ಟಿದೆ.

ನೀವೇ ಎರಡು ಸಾಲಿನಲ್ಲಿ ಮುಗಿಸಿದ 2011ರ ಡೋಪಮೈನ್ ಪ್ರಯೋಗವನ್ನೇ ತೆಗೆದುಕೊಳ್ಳಿ, ಸರ್ಜ್ ಬಿರ್ಮಾನ್ ತಂಡದ್ದು. ಡೋಪಮೈನ್ ತಯಾರಾಗಲು ಟೈರೊಸಿನ್ ಹೈಡ್ರಾಕ್ಸಿಲೇಸ್ ಅನ್ನುವ ಕಿಣ್ವ ಬೇಕು. ಆದರೆ ನೊಣಕ್ಕೆ ಡೋಪಮೈನ್ ಬರೀ ಮೆದುಳಿಗೆ ಬೇಕಾದ ವಸ್ತು ಅಲ್ಲ. ಮೈಮೇಲಿನ ಹೊರಕವಚ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗುವುದಕ್ಕೂ ಅದೇ ಬೇಕು. ಆ ಕಿಣ್ವದ ಜೀನ್ ಪೂರ್ತಿ ಕೆಟ್ಟರೆ ಮರಿ ಮೊಟ್ಟೆ ಒಡೆದು ಹೊರಗೇ ಬರುವುದಿಲ್ಲ. ಹಾಗಾಗಿ ಸಂಶೋಧಕರು ಕವಚಕ್ಕೆ ಬೇಕಾದ ಕಿಣ್ವವನ್ನು ಉಳಿಸಿ, ನರಮಂಡಲದಲ್ಲಿ ಮಾತ್ರ ಅದು ಇಲ್ಲದ ನೊಣಗಳನ್ನು ಬೆಳೆಸಿದರು. ಅವು ಸಾಯಲಿಲ್ಲ. ಉಳಿದ ನೊಣಗಳಷ್ಟೇ ದಿನ ಬದುಕಿದವು. ಓಡಾಟ ಕಡಿಮೆ, ನಿದ್ದೆ ಜಾಸ್ತಿ, ತಿನ್ನುವುದೂ ಕಡಿಮೆ. ವಾಸನೆಯೂ ಗೊತ್ತಾಗುತ್ತಿತ್ತು, ವಿದ್ಯುತ್ ಶಾಕ್ ಕೊಟ್ಟರೆ ತಪ್ಪಿಸಿಕೊಳ್ಳುತ್ತಲೂ ಇದ್ದವು. ಆದರೆ ‘ಈ ವಾಸನೆ ಬಂದರೆ ಶಾಕ್ ಬರುತ್ತದೆ’ ಅನ್ನುವ ಪಾಠ ಮಾತ್ರ ತಲೆಗೆ ಹತ್ತಲಿಲ್ಲ. ಎರಡು ಗಂಟೆ ಕಳೆದ ಮೇಲೆ ನೋಡಿದರೆ, ಶಾಕ್ ಕೊಟ್ಟಾಗ ಇದ್ದ ವಾಸನೆಯ ಕಡೆಗೇ ಹೋಗುತ್ತಿದ್ದವು!

ನೀವು ಇಲ್ಲಿಗೆ ಬಿಟ್ಟಿದ್ದೀರಿ. ಮುಂದಿನ ಹೆಜ್ಜೆಯೇ ಮುಖ್ಯ. ಬೆಳೆದ ಆ ನೊಣಗಳಿಗೆ ಡೋಪಮೈನ್‌ನ ಕಚ್ಚಾವಸ್ತುವಾದ ಎಲ್-ಡೋಪಾ ತಿನ್ನಿಸಿದಾಗ ಕಲಿಕೆ ಬಹುಮಟ್ಟಿಗೆ ಮರಳಿ ಬಂತು. ಅಂದರೆ ಮೊಟ್ಟೆಯಿಂದ ಪ್ಯೂಪಾದವರೆಗೆ (ಮರಿಹುಳು ನೊಣವಾಗಿ ಬದಲಾಗುವ ಹಂತ) ನರಮಂಡಲದ ಡೋಪಮೈನ್ ಇಲ್ಲದೆ ಬೆಳೆದರೂ, ಕಲಿಯಲು ಬೇಕಾದ ನರಜಾಲ ಹೆಚ್ಚುಕಡಿಮೆ ಸರಿಯಾಗಿಯೇ ಸಿದ್ಧವಾಗಿತ್ತು. ಕೊರತೆ ಇದ್ದದ್ದು ಆ ಹೊತ್ತಿನ ಡೋಪಮೈನ್‌ನದು. ಇಷ್ಟು ದೊಡ್ಡ ಮಾತನ್ನು ಓದುಗರಿಗೆ ಕೊಡದೆ ಹೋದರೆ ಹೇಗೆ?

ಇದರ ಪಕ್ಕಕ್ಕೇ 2014ರಲ್ಲಿ ಮ್ಯಾಥ್ಯೂ ಕೈಸರ್, ಅಮಿತಾ ಸೆಹಗಲ್ ತಂಡ ಪ್ರಕಟಿಸಿದ ಕೆಲಸವನ್ನು ಇಡಿ. ಆಗ ಲೇಖನಕ್ಕೆ ಬೆನ್ನೆಲುಬು ಬರುತ್ತದೆ. ಪ್ಯೂಪಾದಿಂದ ಆಗ ತಾನೇ ಹೊರಬಂದ ನೊಣ ಜಾಸ್ತಿ ನಿದ್ದೆ ಮಾಡುತ್ತದೆ, ಎಬ್ಬಿಸುವುದೂ ಕಷ್ಟ. ಎಚ್ಚರ ತರಿಸುವ ಕೆಲವು ಡೋಪಮೈನ್ ನರಕೋಶಗಳು ಆ ವಯಸ್ಸಿನಲ್ಲಿ ಇನ್ನೂ ಮಂದವಾಗಿರುವುದೇ ಅದಕ್ಕೆ ಕಾರಣ. ಆ ನರಕೋಶಗಳನ್ನು ಎಳೆ ವಯಸ್ಸಿನಲ್ಲೇ ಚುರುಕುಗೊಳಿಸಿ ನಿದ್ದೆ ಕೆಡಿಸಿದಾಗ, ಗಂಡು ನೊಣದ ಮೆದುಳಿನಲ್ಲಿ ಹೆಣ್ಣನ್ನು ಒಲಿಸುವ ನಡವಳಿಕೆಗೆ ಬೇಕಾದ ಒಂದು ಭಾಗ ಸರಿಯಾಗಿ ಬೆಳೆಯಲಿಲ್ಲ, ದೊಡ್ಡದಾದ ಮೇಲೆ ಆ ನಡವಳಿಕೆಯೂ ಕುಂಟಿತು. ಇಲ್ಲಿ ತೊಂದರೆ ಆದದ್ದು ಎಳೆತನದಲ್ಲಿ, ಕಾಣಿಸಿಕೊಂಡದ್ದು ಆಮೇಲೆ. ಒಂದೇ ಡೋಪಮೈನ್. ಒಂದು ಕಡೆ ಆ ಹೊತ್ತಿನ ಕೆಲಸಗಾರ, ಇನ್ನೊಂದು ಕಡೆ ಬೆಳವಣಿಗೆಯ ದಾರಿಯನ್ನೇ ಬದಲಿಸುವ ಶಕ್ತಿ.

ಈ ಎರಡನ್ನು ಬೇರ್ಪಡಿಸುವುದು ಹೇಗೆ ಅಂತಲೂ ಬರೆಯಿರಿ. ‘ಆಧುನಿಕ ತಂತ್ರಗಳಿಂದ’ ಅಂತ ಸುಮ್ನೆ ದಾಟಬೇಡಿ. 1993ರಿಂದ ನೊಣದಲ್ಲಿ ಗಾಲ್4 ಅನ್ನುವ ಉಪಾಯ ಇದೆ, ಬೇಕಾದ ನರಕೋಶಗಳಲ್ಲಿ ಮಾತ್ರ ಒಂದು ಜೀನನ್ನು ಚಾಲೂ ಮಾಡಬಹುದು. ಅದಕ್ಕೆ ಬಿಸಿಗೆ ಸ್ಪಂದಿಸುವ ಗಾಲ್80 ಅನ್ನುವ ತಡೆ ಸೇರಿಸಿದರೆ, 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಜೀನ್ ಬಂದ್, 29–30 ಡಿಗ್ರಿಯಲ್ಲಿ ಚಾಲೂ. ಮರಿಹುಳು ಇರುವಾಗ ಮಾತ್ರ ಬಿಸಿ ಕೊಡಬಹುದು, ಅಥವಾ ರೆಕ್ಕೆ ಬಂದ ಮೇಲೆ ಮಾತ್ರ. ಬಿಸಿಯೇ ನೊಣದ ಬೆಳವಣಿಗೆಯ ವೇಗ, ಓಡಾಟ ಎರಡನ್ನೂ ಬದಲಿಸುವುದರಿಂದ, ಹೋಲಿಕೆಗೆ ಇಟ್ಟ ನೊಣಗಳಿಗೂ ಅಷ್ಟೇ ಬಿಸಿ ಕೊಡಬೇಕು ಅನ್ನುವುದನ್ನೂ ಒಂದು ಸಾಲಿನಲ್ಲಿ ಹೇಳಿ. 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣ ಆಗಲು ಸುಮಾರು 10 ದಿನ ಸಾಕು. ‘ಯಾವಾಗ’ ಅನ್ನುವ ಪ್ರಶ್ನೆಗೆ ಈ ಜೀವಿ ಇಷ್ಟು ಚೆನ್ನಾಗಿ ಒಗ್ಗುವುದಕ್ಕೆ ಅದೂ ಒಂದು ಕಾರಣ.

ಇನ್ನು ಬಿರುದುಗಳ ವಿಷಯ. ‘ಖುಷಿಯ ಡೋಪಮೈನ್’, ‘ಶಾಂತಿಯ ಸೆರೊಟೋನಿನ್’ ಅಂತ ಉಪಶೀರ್ಷಿಕೆ ಕೊಟ್ಟಿದ್ದೀರಿ. ದಯವಿಟ್ಟು ತೆಗೆಯಿರಿ, ಅವು ನೊಣದ ವಿಷಯದಲ್ಲಿ ತಪ್ಪು. ನೊಣದ ಮೆದುಳಿನಲ್ಲಿ ಶಿಕ್ಷೆಯ ಸುದ್ದಿ ಒಯ್ಯುವುದೂ ಡೋಪಮೈನ್ ನರಕೋಶಗಳೇ. 2003ರ ಹೊತ್ತಿಗೆ ಶಿಕ್ಷೆಗೆ ಡೋಪಮೈನ್, ಬಹುಮಾನಕ್ಕೆ ಆಕ್ಟೋಪಮೈನ್ ಅನ್ನುವ ಚಿತ್ರ ಮೂಡಿತ್ತು. 2012ರಲ್ಲಿ ಬೇರೊಂದು ಗುಂಪಿನ ಡೋಪಮೈನ್ ನರಕೋಶಗಳು ಸಕ್ಕರೆಯ ಬಹುಮಾನವನ್ನೂ ತಿಳಿಸುತ್ತವೆ ಅಂತ ತೋರಿತು. ಯಾವ ರಾಸಾಯನಿಕ ಅನ್ನುವಷ್ಟೇ, ಯಾವ ನರಕೋಶ ಅದನ್ನು ಎಲ್ಲಿ ಸುರಿಸುತ್ತದೆ ಅನ್ನುವುದೂ ಮುಖ್ಯ. ಸೆರೊಟೋನಿನ್ ಅಂತೂ ನಿಮ್ಮ ಮಾತಿಗೆ ಪೂರ್ತಿ ಉಲ್ಟಾ: 2007ರ ಒಂದು ಪ್ರಯೋಗದಲ್ಲಿ ಅದನ್ನು ಹೆಚ್ಚಿಸಿದಾಗ ಗಂಡು ನೊಣಗಳು ಜಾಸ್ತಿ ಜಗಳಕ್ಕೆ ನಿಂತವು. ಹೆಣ್ಣು ಒಲ್ಲೆ ಅಂದಾಗ ಗಂಡು ನೊಣ ಮದ್ಯ ಬೆರೆತ ಆಹಾರವನ್ನು ಜಾಸ್ತಿ ತಿನ್ನುವ 2012ರ ಪ್ರಯೋಗಕ್ಕೂ ನೀವು ಡೋಪಮೈನ್ ಹೆಸರು ಬರೆದಿದ್ದೀರಿ. ಅಲ್ಲಿ ಕಡಿಮೆಯಾಗಿದ್ದು ನ್ಯೂರೋಪೆಪ್ಟೈಡ್ ಎಫ್ ಅನ್ನುವ ಬೇರೆಯೇ ಒಂದು ಮೆದುಳಿನ ರಾಸಾಯನಿಕ.

ಆ ಮರಿಹುಳುವಿನ ಪ್ಯಾರಾಕ್ಕೆ ಬರೋಣ. ಆಹಾರ ಇಲ್ಲದ ತಟ್ಟೆಯಲ್ಲಿ ಅದು ಸರಸರ ತೆವಳುವುದು, ತಲೆ ಆಡಿಸಿ ಹುಡುಕುವುದು, ಎಲ್ಲ ಕಣ್ಣಿಗೆ ಕಟ್ಟಿದೆ. ಇದನ್ನು ಎರಡರಷ್ಟು ಬೆಳೆಸಿ. ಹಸಿವಾದಾಗ ವೇಗ ಹೆಚ್ಚುವುದಕ್ಕೆ ಆಕ್ಟೋಪಮೈನ್ ಬೇಕು ಅಂತ ಹೇಳಿದ್ದೀರಿ, ಸರಿ. ಅದೇ ಹಸಿವಿನಲ್ಲಿ ಸ್ನಾಯುವಿನ ಮೇಲಿರುವ ಆಕ್ಟೋಪಮೈನ್ ನರದ ತುದಿಗಳು ಹೊಸ ಚಿಗುರು ಬಿಡುತ್ತವೆ, ಆ ಚಿಗುರಿಗೂ ಆಕ್ಟೋಪಮೈನೇ ಬೇಕು. ಇಲ್ಲಿ ವರ್ತನೆ ಯಾವುದು, ಬೆಳವಣಿಗೆ ಯಾವುದು ಅಂತ ಗೆರೆ ಎಳೆಯುವುದೇ ಕಷ್ಟ. ಇನ್ನೊಂದು ಕೊಂಡಿಯೂ ಇಲ್ಲೇ ಸೇರುತ್ತದೆ: ಮರಿಹುಳುವಿನಲ್ಲಿ ಕೆಲವು ಸೆರೊಟೋನಿನ್ ನರಕೋಶಗಳು, ಪೊರೆ ಕಳಚುವ ಹಾರ್ಮೋನ್ ಎಕ್ಡೈಸೋನ್ ಮಾಡುವ ಗ್ರಂಥಿಯವರೆಗೆ ಚಾಚಿಕೊಂಡಿವೆ, ಒಳ್ಳೆಯ ಆಹಾರ ಸಿಕ್ಕರೆ ಅವುಗಳ ಕವಲು ಜಾಸ್ತಿ, ಅವು ಕೆಲಸ ಮಾಡದಿದ್ದರೆ ಪ್ಯೂಪಾ ಆಗುವುದೇ ತಡ. ತಿಂದದ್ದರ ಲೆಕ್ಕ ನೋಡಿ ದೊಡ್ಡವರಾಗುವ ಸಮಯ ನಿರ್ಧಾರ ಆಗುವುದು. ಎಷ್ಟು ಚೆಂದದ ವಿಷಯ!

ಬೇಗ ಸರಿಪಡಿಸಬಹುದಾದ ಎರಡು ತಪ್ಪು ಉಳಿದಿವೆ. ಬಿಳಿಗಣ್ಣಿನ ನೊಣವನ್ನು ಕೆಂಪುಗಣ್ಣಿನ ನೊಣಕ್ಕೆ ಹೋಲಿಸಿ ಎಲ್ಲ ವ್ಯತ್ಯಾಸವನ್ನೂ ಸೆರೊಟೋನಿನ್ ತಲೆಗೆ ಕಟ್ಟಿದ್ದೀರಿ. ಬಿಳಿಗಣ್ಣಿನ ನೊಣಕ್ಕೆ ದೃಷ್ಟಿಯೇ ಮಂದ, ಕಣ್ಣಿನ ಬಣ್ಣ ಬೆಳಕನ್ನು ತಡೆಯುವ ಪರದೆಯೂ ಹೌದು. ಆ ಹೋಲಿಕೆ ಬಿಡಿ. ಮತ್ತೆ, ಸ್ನಾಯುವಿಗೆ ಆಜ್ಞೆ ಕೊಡುವ ರಾಸಾಯನಿಕ ‘ನಮ್ಮಂತೆಯೇ’ ಅಂತ ಬರೆದಿದ್ದೀರಿ. ನಮ್ಮಲ್ಲಿ ಅದು ಅಸಿಟೈಲ್‌ಕೋಲಿನ್, ನೊಣದಲ್ಲಿ ಗ್ಲುಟಮೇಟ್. ಇದೇ ಕಾರಣಕ್ಕೆ ಮನುಷ್ಯರ ಖಿನ್ನತೆಯ ಬಗ್ಗೆ ನೀವು ಸೇರಿಸಿದ ಕೊನೆಯ ಪುಟ ಪೂರ್ತಿ ಹೋಗಬೇಕು. ನೊಂದು ಓದುವವರು ಇರುತ್ತಾರೆ, ನೊಣದಿಂದ ನೇರ ಅವರ ಔಷಧಿಗೆ ಜಿಗಿಯುವುದು ಸರಿಯಲ್ಲ.

ಹೊಸ ಕರಡನ್ನು ಮರಿಹುಳುವಿನಿಂದಲೇ ಶುರು ಮಾಡಿ. ‘ಸೃಷ್ಟಿಯ ವಿಸ್ಮಯ’ ಅನ್ನುವ ಮೊದಲ ಪ್ಯಾರಾ ಬೇಡ. ಆಮೇಲೆ 2011ರ ನೊಣ, ಅದರ ಎದುರಿಗೆ 2014ರ ನೊಣ, ನಡುವೆ ಬಿಸಿಯ ಉಪಾಯ. ಎಲ್-ಡೋಪಾ ತಿನ್ನಿಸಿದ ಭಾಗ ಬರೆದಾದ ಕೂಡಲೇ ಅಷ್ಟನ್ನು ಕಳಿಸಿ, ಪೂರ್ತಿ ಮುಗಿಯುವ ತನಕ ಕಾಯುವುದು ಬೇಡ.

ಸಂಪಾದಕ