ಪಗಾರ ಚೀಟಿಯೊಳಗೆ ಕೂತ ಕಮಿಷನ್

ಪ್ರಶ್ನೆ: ಅಕ್ಕಾ, ನಾನು ಬಾಗಲಕೋಟೆ ಕಡೆಯವನು. ಪುಣೆ ಹತ್ತಿರ ಚಿಂಚವಡದ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ವಯಸ್ಸು 35. ಎಚ್‌ಆರ್‌ನವರು ಕ್ಯಾಂಟೀನಿಗೆ ಒಬ್ಬ ಏಜೆಂಟರನ್ನು ಕರೆಸಿದ್ದರು. ನಮ್ಮ ಕಡೆಯವರೇ, ಕನ್ನಡದಲ್ಲೇ ಮಾತಾಡಿದರು. ಯೂನಿಟ್ ಲಿಂಕ್ಡ್ ಪಿಂಚಣಿ ಪಾಲಿಸಿಗೆ (ಕಟ್ಟಿದ ಹಣ ಮಾರುಕಟ್ಟೆಯ ಫಂಡಿಗೆ ಹೋಗುವ ವಿಮೆ) ಸಹಿ ಹಾಕಿದೆ. ತಿಂಗಳಿಗೆ 5,000 ರೂಪಾಯಿ ಪಗಾರದಲ್ಲೇ ಕಟ್ ಆಗುತ್ತದೆ. ‘ನಿಮಗೆ ಯಾವ ಫೀಸೂ ಇಲ್ಲ’ ಎಂದರು. ಹೋದ ವಾರ ಪಾಲಿಸಿ ಕೈಗೆ ಬಂತು. ಮುಂದುವರಿಸಲೇ?

ಉತ್ತರ: ಮೊದಲು ಗಡುವು. ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಕೊಡಬಹುದು. ಸಣ್ಣ ಕಡಿತ ಬಿಟ್ಟು ಹಣ ಮರಳಿ ಬರುತ್ತದೆ. ಅಚ್ಚಾಗುವಷ್ಟರಲ್ಲಿ ದಿನ ಮುಗಿದೀತೆಂದು ಇದನ್ನು ನಿಮಗೆ ಆಗಲೇ ಮೇಲ್ ಮಾಡಿದ್ದೇನೆ. ಉಳಿದವರಿಗೂ ಗೊತ್ತಿರಲಿ. ಅರ್ಜಿ ಏಜೆಂಟರ ಕೈಗಲ್ಲ, ವಿಮಾ ಕಂಪನಿಗೇ ಕೊಟ್ಟು ಸ್ವೀಕೃತಿ ಇಸಿದುಕೊಳ್ಳಿ. ಪಗಾರ ವಿಭಾಗಕ್ಕೂ ಬೇರೆ ಪತ್ರ ಕೊಡಿ. ಇಲ್ಲದಿದ್ದರೆ ಮುಂದಿನ ತಿಂಗಳೂ ಕಟ್ ಆಗುತ್ತದೆ.

ನಾನು ಠಾಣೆಯ ಕಾರ್ಖಾನೆಯೊಂದರಲ್ಲಿ ಪಗಾರ ಪಟ್ಟಿ ಮಾಡುತ್ತಿದ್ದವಳು. ಚೀಟಿಯಲ್ಲಿ ಪಿಎಫ್ ಸಾಲಿನ ಕೆಳಗೆ ಏನೇ ಬಂದರೂ ಜನ ಅದನ್ನೂ ಪಿಎಫ್ ಥರವೇ ನಂಬುತ್ತಾರೆ. ಏಜೆಂಟರಿಗೆ ಇದು ಚೆನ್ನಾಗಿ ಗೊತ್ತು. ಆದರೆ ಪಿಎಫ್‌ಗೆ ಕಂಪನಿಯೂ ತನ್ನ ಪಾಲು ಹಾಕುತ್ತದೆ. ಈ ಪಾಲಿಸಿಗೆ ನಿಮ್ಮ ಕಂಪನಿ ಒಂದು ರೂಪಾಯಿಯಾದರೂ ಹಾಕುತ್ತದೆಯೇ? ಕೇಳಿ ನೋಡಿ. ಇಲ್ಲವೆಂದರೆ ಅದು ಕ್ಯಾಂಟೀನಿನಲ್ಲಿ ಮಾರಿದ ಸರಕು, ಅಷ್ಟೇ.

ಫೀಸಿಲ್ಲ ಎಂದರೆ ಬೇರೆ ಬಿಲ್ ಬರುವುದಿಲ್ಲ ಎಂದರ್ಥ. ನಿಮ್ಮ ಹಣದಿಂದಲೇ ಕಳೆಯುತ್ತಾರೆ: ಅಲೊಕೇಶನ್ ಚಾರ್ಜ್ (ಕಂತು ಫಂಡಿಗೆ ಹೋಗುವ ಮೊದಲೇ ಕತ್ತರಿಸುವುದು), ಆಡಳಿತ ವೆಚ್ಚ, ವಿಮೆಯ ಖರ್ಚು, ಜೊತೆಗೆ ಫಂಡ್ ನಿರ್ವಹಣೆಗೆ ವರ್ಷಕ್ಕೆ ಶೇ. 1.35ರವರೆಗೆ. ಪಾಲಿಸಿ ಜೊತೆಗಿನ ಬೆನಿಫಿಟ್ ಇಲಸ್ಟ್ರೇಶನ್, ಅಂದರೆ ಮುಂದೆ ಎಷ್ಟು ಸಿಗಬಹುದೆಂಬ ಅಂದಾಜಿನ ಪಟ್ಟಿ ತೆಗೆಯಿರಿ. ಶೇ. 8 ಬೆಳೆದರೆ ಖರ್ಚು ಕಳೆದು ಎಷ್ಟು ಉಳಿಯುತ್ತದೆ ಎಂಬುದು ‘ನೆಟ್ ಯೀಲ್ಡ್’ ಎಂದಿರುವಲ್ಲಿ ಸಿಗುತ್ತದೆ. ಏಜೆಂಟರು ಆ ಪುಟ ತಿರುಗಿಸಿರಲಿಕ್ಕಿಲ್ಲ, ಅಲ್ವಾ?

ಶೇ. 1 ಏನು ಮಹಾ ಎನ್ನಬೇಡಿ. ತಿಂಗಳಿಗೆ 5,000 ರೂಪಾಯಿಯಂತೆ 25 ವರ್ಷ ಕಟ್ಟಿದರೆ ನಿಮ್ಮ ಜೇಬಿನಿಂದ ಹೋಗುವುದು 15 ಲಕ್ಷ. ವರ್ಷಕ್ಕೆ ಶೇ. 10 ಬೆಳೆಯಿತೆನ್ನಿ, ಸುಮಾರು 66 ಲಕ್ಷವಾಗುತ್ತದೆ. ಶೇ. 9 ಆದರೆ ಸುಮಾರು 56 ಲಕ್ಷ. ಹತ್ತು ಲಕ್ಷ ಹೋಗುವುದು ಆ ಒಂದು ಪರ್ಸೆಂಟಿನಲ್ಲಿ!

ನಾನಾದರೆ ಪಾಲಿಸಿ ವಾಪಸ್ ಮಾಡಿ, ಎಚ್‌ಆರ್‌ನಲ್ಲಿ ವಿಪಿಎಫ್ ಫಾರ್ಮ್ ಕೇಳುತ್ತಿದ್ದೆ. ಪಿಎಫ್‌ಗೆ ನಾವಾಗಿಯೇ ಹೆಚ್ಚಿಗೆ ಹಾಕುವುದು. ಅಲ್ಲಿ ಏಜೆಂಟರೇ ಇಲ್ಲ. ಬಡ್ಡಿ 2024-25ಕ್ಕೆ ಶೇ. 8.25 ಇತ್ತು. ಷೇರು ಮಾರುಕಟ್ಟೆಯ ಪಾಲೂ ಬೇಕೆಂದರೆ ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ಯೋಜನೆ ಇದೆ. ಅದರ ಮಾಮೂಲು ಸ್ಕೀಮ್‌ಗಳಲ್ಲಿ ನಿರ್ವಹಣೆ ಶುಲ್ಕ ಲಕ್ಷಕ್ಕೆ ವರ್ಷಕ್ಕೆ ನೂರು ರೂಪಾಯಿ ಆಸುಪಾಸು. ಕಂಪನಿಯ ಮೂಲಕ ಹೋದರೆ ಇನ್ನೂ ಒಳ್ಳೆಯದು: ಹೊಸ ತೆರಿಗೆ ಪದ್ಧತಿಯಲ್ಲಿ ಕಂಪನಿ ಹಾಕುವ ಹಣಕ್ಕೆ ಬೇಸಿಕ್ ಮತ್ತು ಡಿಎಯ (ತುಟ್ಟಿಭತ್ಯೆ) ಶೇ. 14ರವರೆಗೆ ವಿನಾಯಿತಿ ಇದೆ. ಒಂದು ಕಿರಿಕಿರಿ ಮಾತ್ರ: ಮೊತ್ತ ದೊಡ್ಡದಾದರೆ ಒಂದು ಪಾಲು ಪಿಂಚಣಿಗೇ ಹೋಗುತ್ತದೆ, ಪೂರ್ತಿ ಕೈಗೆ ಸಿಗುವುದಿಲ್ಲ.

ಏಜೆಂಟರು ನಮ್ಮೂರವರು, ಬೇಜಾರಾದಾರು ಎಂದು ನೀವು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಆಗಲಿ ಬಿಡಿ. ಮದುವೆಗೆ ಕರೆದರೆ ಹೋಗಿ ಉಡುಗೊರೆ ಕೊಡಿ, 25 ವರ್ಷದ ಕಂತು ಯಾಕೆ?

ಪ್ರಶ್ನೆ: ಪಗಾರ ಜಮಾ ಆಗುವ ಬ್ಯಾಂಕಿನವರೇ ನಿವೃತ್ತಿಗೆಂದು ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳ ಕಂತು) ಮಾಡಿಸಿದರು. ಸ್ಟೇಟ್‌ಮೆಂಟಿನಲ್ಲಿ ‘ರೆಗ್ಯುಲರ್’ ಎಂದಿದೆ. ಬದಲಿಸಲೇ? — ವಾಸ್ಕೊ, ಗೋವಾ

ಉತ್ತರ: ರೆಗ್ಯುಲರ್ ಎಂದರೆ ಬ್ಯಾಂಕಿಗೆ ನಿಮ್ಮ ಫಂಡಿನಿಂದ ಪ್ರತಿ ವರ್ಷ ಕಮಿಷನ್ ಹೋಗುತ್ತದೆ. ಕಮಿಷನ್ ಇಲ್ಲದ ‘ಡೈರೆಕ್ಟ್’ ಪ್ಲಾನ್ 2013ರ ಜನವರಿಯಿಂದಲೇ ಇದೆ. ಹೊಸ ಕಂತನ್ನು ಸುಮ್ನೆ ಅದರಲ್ಲಿ ಶುರು ಮಾಡಿ. ಹಳೆಯದನ್ನು ಒಟ್ಟಿಗೆ ಬದಲಿಸಬೇಡಿ, ಅದು ಮಾರಾಟದ ಲೆಕ್ಕ. ಒಂದು ವರ್ಷ ದಾಟಿದ ಈಕ್ವಿಟಿ (ಷೇರು) ಫಂಡಿನ ಯೂನಿಟ್‌ಗಳಲ್ಲಿ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಅದರ ಮೇಲೆ ಶೇ. 12.5. ಆ ಮಿತಿಯೊಳಗೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಸರಿಸಿ.