ಆಪ್ತ ಸಲಹೆ: ಫೋಟೊದಲ್ಲಿ ಇರುವವರನ್ನು ಕೇಳಿದ್ರಾ?

ಪ್ರಶ್ನೆ: ನನಗೆ 24 ವರ್ಷ. ದಾವಣಗೆರೆಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್. ಜಾತ್ರೆ ಬಂತೆಂದರೆ ಆರ್ಕೆಸ್ಟ್ರಾ, ನಾಟಕದ ಬ್ಯಾನರ್‌ಗಳದ್ದೇ ಕೆಲಸ. ಗಾಯಕಿಯರ, ನಟಿಯರ ಸೊಂಟ ಸಣ್ಣ ಮಾಡು, ಎದೆ ಜಾಸ್ತಿ ಮಾಡು, ಬೆಳ್ಳಗೆ ಮಾಡು, ಹಾಗೆ ಮಾಡದಿದ್ದರೆ ಜನ ಬರಲ್ಲ ಅಂತ ಆಯೋಜಕರು ಹೇಳುತ್ತಾರೆ. ಮಾಡಿಕೊಡುತ್ತೇನೆ. ಮೊನ್ನೆ ಒಬ್ಬ ಗಾಯಕಿ ಅಂಗಡಿಗೆ ಬಂದು ತಮ್ಮ ಬ್ಯಾನರ್ ನೋಡಿ, "ಮುಖ ನಂದು, ಮೈ ಯಾರ್ದಮ್ಮಾ?" ಅಂದರು. ಮಾಲೀಕರು ನಕ್ಕುಬಿಟ್ಟರು. ಅವತ್ತಿಂದ ಈ ಕೆಲಸಕ್ಕೆ ಕೈ ಏಳುತ್ತಿಲ್ಲ. ಬಿಟ್ಟರೆ ಮನೆ ನಡೆಯುವುದಿಲ್ಲ. ಈಗೀಗ ಕನ್ನಡಿಯಲ್ಲಿ ನನ್ನ ತೋಳು ಕಂಡರೂ ಇಷ್ಟು ಒಳಗೆ ತಳ್ಳಬೇಕು ಅನ್ನಿಸುತ್ತದೆ. ರಾತ್ರಿ ಊಟ ಬಿಟ್ಟಿದ್ದೇನೆ. ಏನು ಮಾಡಲಿ?

ಉತ್ತರ: ಕೆಲಸ ಬಿಡಬೇಡಿ. ಆ ಗಾಯಕಿ ಕೇಳಿದ ಪ್ರಶ್ನೆಯನ್ನೂ ಬಿಡಬೇಡಿ.

ಫೋಟೊ ತಿದ್ದುವುದೆಲ್ಲ ತಪ್ಪಲ್ಲ. ಸ್ಟೇಜಿನ ಕೆಂಪು ಲೈಟು ಮುಖಕ್ಕೆ ಹೊಡೆದಿದ್ದರೆ ಬಣ್ಣ ಸರಿ ಮಾಡಿ. ಹಿಂದೆ ಕಾಣುವ ವೈರು, ಪ್ಲಾಸ್ಟಿಕ್ ಕುರ್ಚಿ ತೆಗೆಯಿರಿ. ಅದು ನಿಮ್ಮ ಕಸುಬು. ಫೋಟೊಶಾಪಿನಲ್ಲಿ ಆಕಾರವನ್ನೇ ಎಳೆದು ಬದಲಿಸುವ ಲಿಕ್ವಿಫೈ ತೆರೆದು ಸೊಂಟವನ್ನು ಒಳಗೆ ತಳ್ಳುವುದು ಬೇರೆಯೇ ಮಾತು. ಹಾಗೆ ತಳ್ಳಿದಾಗ ಹಿಂದಿನ ಪರದೆಯ ಗೆರೆಯೂ ಸೊಟ್ಟ ಆಗುತ್ತದೆ, ಅದನ್ನೂ ಕೂತು ನೇರ ಮಾಡಬೇಕು, ಅಲ್ವಾ? ಬದಲಾಯಿಸಿದ್ದು ಯಾರಿಗೂ ಗೊತ್ತಾಗಬಾರದು ಅಂತಲೇ ಅಷ್ಟೆಲ್ಲ ಪಾಡು. ಅವರ ಮೈ ಅವರದು. ಅವರನ್ನು ಕೇಳದೆ ಅದನ್ನು ಬದಲಿಸುವ ಹಕ್ಕು ನಿಮಗೂ ಇಲ್ಲ, ಮಾಲೀಕರಿಗೂ ಇಲ್ಲ, ದುಡ್ಡು ಕೊಡುವ ಆಯೋಜಕರಿಗೂ ಇಲ್ಲ.

ದೊಡ್ಡ ನಟಿಯರಿಗೂ ಇದು ತಪ್ಪಿಲ್ಲ. 2003ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ಮುಖಪುಟದಲ್ಲಿ ಕೇಟ್ ವಿನ್ಸ್ಲೆಟ್ ಅವರನ್ನು ತೆಳ್ಳಗೆ ಮಾಡಿ ಹಾಕಿತು. ನಾನು ಹಾಗಿಲ್ಲ, ಹಾಗೆ ಕಾಣುವ ಆಸೆಯೂ ಇಲ್ಲ ಅಂತ ಅವರು ಬಹಿರಂಗವಾಗಿಯೇ ಹೇಳಿದರು. ನಾರ್ವೆಯಲ್ಲಿ 2022ರ ಜುಲೈನಿಂದ, ಜಾಹೀರಾತಿನಲ್ಲಿ ಮೈಯ ಆಕಾರ ಅಥವಾ ಚರ್ಮ ತಿದ್ದಿದ್ದರೆ ತಿದ್ದಿದ್ದೇವೆ ಅಂತ ಗುರುತು ಹಾಕಲೇಬೇಕು.

ನಾರ್ವೆ ಕಥೆ ಹೇಳಿದರೆ ನಿಮ್ಮ ಮಾಲೀಕರು ಕೇಳಿಸಿಕೊಳ್ಳಲಿಕ್ಕಿಲ್ಲ. ಅವರಿಗೆ ತಟ್ಟುವುದು ಖರ್ಚು. "ಅಣ್ಣಾ, ಕಲಾವಿದೆ ಒಪ್ಪದೆ ಬ್ಯಾನರ್ ತೆಗೆಸಿದರೆ ಮತ್ತೆ ಪ್ರಿಂಟ್ ಹಾಕಬೇಕು, ಆ ದುಡ್ಡು ಯಾರು ಕೊಡ್ತಾರೆ?" ಅಂತ ಕೇಳಿ. ಆಯೋಜಕರಿಗೆ ವಾಟ್ಸಾಪಿನಲ್ಲಿ ಪ್ರೂಫ್ ಕಳಿಸುವಾಗ ಫೋಟೊದಲ್ಲಿ ಇರುವವರಿಗೂ ಕಳಿಸುವ ರೂಢಿ ಮಾಡೋಣ ಅನ್ನಿ. ಅವರು ಓಕೆ ಅಂದ ಮೇಲೆಯೇ ಪ್ರಿಂಟ್. ಎದೆ ಉಬ್ಬಿಸು ಅನ್ನುವವರಿಗೆ, ಹೆಂಗಸರನ್ನು ಅಸಭ್ಯವಾಗಿ ತೋರಿಸುವ ಜಾಹೀರಾತಿನ ವಿರುದ್ಧ 1986ರ ಕಾಯ್ದೆ ಇದೆ ಅಂತ ನೆನಪು ಮಾಡಿ. ಎಲ್ಲ ಬ್ಯಾನರೂ ಅದರಡಿ ಬರುತ್ತದೆ ಅಂತಲ್ಲ, ಆದರೆ ಅಂಗಡಿ ಹೆಸರು ಕೆಡಿಸಿಕೊಳ್ಳಲು ಯಾವ ಮಾಲೀಕರಿಗೂ ಇಷ್ಟ ಇರುವುದಿಲ್ಲ.

ಆ ಗಾಯಕಿಗೆ ಫೋನ್ ಮಾಡಿ ಮಾತಾಡಿ. ಬ್ಯಾನರ್ ಮಾಡಿದ್ದು ನಾನೇ, ನಿಮ್ಮನ್ನು ಕೇಳಬೇಕಿತ್ತು ಅಂತ ಹೇಳಿ. ಮುಂದಿನ ಸಲ ಯಾವ ಫೋಟೊ ಹಾಕಲಿ ಅಂತ ಅವರನ್ನೇ ಕೇಳಿ.

"ಹಾಗೆ ಮಾಡದಿದ್ದರೆ ಜನ ಬರಲ್ಲ" ಅನ್ನುವ ಮಾತು ನನಗೆ ಸಿಟ್ಟು ತರಿಸುತ್ತದೆ. ಚಿಂದೋಡಿ ಲೀಲಾ ಅವರಂಥ ರಂಗಕಲಾವಿದೆಯ ಊರು ನಿಮ್ಮದು. ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ನಾಟಕಕ್ಕೆ ಜನ ಬಂದಿದ್ದು ಅಭಿನಯ ನೋಡಲು, ಮಾತು ಕೇಳಲು. ಇವತ್ತಿನ ಆರ್ಕೆಸ್ಟ್ರಾಗೂ ಜನ ಬರುವುದು ಹಾಡು ಕೇಳಲು. ಬ್ಯಾನರಿನ ಸೊಂಟ ನೋಡಿ ಯಾರೂ ರಾತ್ರಿ ಎರಡು ಗಂಟೆವರೆಗೆ ಮೈದಾನದಲ್ಲಿ ಕೂರುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಚಿಂತೆ ಆಗಿದ್ದು ಊಟ ಬಿಟ್ಟ ವಿಷಯ. ದಿನವಿಡೀ ಹೆಂಗಸರ ಮೈಯಲ್ಲಿ ಕುಂದು ಹುಡುಕಿ ತಿದ್ದುವವರ ಕಣ್ಣು ಮನೆಗೆ ಹೋದರೂ ಅದನ್ನೇ ಹುಡುಕುತ್ತದೆ. ಸುಮ್ನೆ ಧೈರ್ಯ ಹೇಳಿಕೊಂಡರೆ ಅದು ಹೋಗುವುದಿಲ್ಲ. ಮೊದಲು ರಾತ್ರಿ ಊಟ ಶುರು ಮಾಡಿ. ಮನೆಯಲ್ಲಿ ಒಬ್ಬರಿಗಾದರೂ ಇದನ್ನು ಹೇಳಿ. ತಟ್ಟೆ ಮುಂದೆ ಕೂತರೆ ಹೆದರಿಕೆ ಆಗುತ್ತಿದ್ದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಮನೆಯವರ ಮುಂದೆ ಬಾಯಿ ಬರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಯಾವ ಹೊತ್ತಿಗೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.