ಎರಡೇ ಮ್ಯಾಚ್‌ಗೆ ಹೊಸಬರು ಓಡಿಹೋಗೋದ್ಯಾಕೆ?

ಪ್ರಶ್ನೆ: ನಾವು ನಾಲ್ಕು ಜನ ಫ್ರೆಂಡ್ಸ್ ಸೇರ್ಕೊಂಡು ಒಂದು ಚಿಕ್ಕ ಆನ್‌ಲೈನ್ ಕತ್ತಿ ಕಾಳಗದ ಗೇಮ್ ಮಾಡ್ತಿದೀವಿ ಸರ್. ಟ್ಯುಟೋರಿಯಲ್ ಎಲ್ರೂ ಮುಗಿಸ್ತಾರೆ, ಬಾಟ್ (ಕಂಪ್ಯೂಟರೇ ಆಡಿಸೋ ಎದುರಾಳಿ) ಜೊತೆ ಖುಷಿಯಾಗೇ ಆಡ್ತಾರೆ, ಆದ್ರೆ ನಿಜವಾದ ಪ್ಲೇಯರ್ ಎದುರು ಎರಡು ಮ್ಯಾಚ್ ಸೋತ್ರೆ ಮತ್ತೆ ಲಾಗಿನ್ ಆಗೋದೇ ಇಲ್ಲ. ಹೊಸಬರ ಏಟಿಗೆ ಗುಟ್ಟಾಗಿ ಸ್ವಲ್ಪ ಜಾಸ್ತಿ ಡ್ಯಾಮೇಜ್ ಕೊಡೋಣ ಅಂತಿದೀವಿ, ಸರಿನಾ?
— ಹೆಸರು ಬೇಡ ಅಂದಿರೋ ಓದುಗರು

ಉತ್ತರ: ದಯವಿಟ್ಟು ಕೊಡಬೇಡಿ. ಗುಟ್ಟು ಎಷ್ಟು ದಿನ ಗುಟ್ಟಾಗಿರುತ್ತೆ? ಗೊತ್ತಾದ ದಿನ ಹಳಬರಿಗೆ ಮೋಸ ಹೋದಂಗಾಗುತ್ತೆ, ಹೊಸಬರಿಗೆ ತಾನು ಗೆದ್ದಿದ್ದು ಸುಳ್ಳಾ ಅನ್ಸುತ್ತೆ, ಆಮೇಲೆ ಆ ಎಕ್ಸ್‌ಟ್ರಾ ಡ್ಯಾಮೇಜ್ ತೆಗೆದ್ರೆ ಅದೇ ಮನುಷ್ಯ ಇನ್ನೊಂದ್ಸಲ ಬೀಳ್ತಾನೆ, ಈ ಸಲ ಇನ್ನೂ ಎತ್ತರದಿಂದ.

ನನ್ನ ಅನುಭವ ಹೇಳ್ತೀನಿ. ಒಂದು ಆನ್‌ಲೈನ್ ಆರ್‌ಪಿಜಿಲಿ (ಒಂದು ಪಾತ್ರ ತಗೊಂಡು ಬೆಳೆಸ್ತಾ ಹೋಗೋ ಗೇಮ್) ವಾರಗಟ್ಟಲೆ ಕೂತು ಸಾಮಾನು ಸೇರಿಸಿದ್ದೆ, ಒಂದಿನ ಯಾರೋ ಕಣ್ಣಿಗೂ ಕಾಣದೇ ಇರೋರು ಎರಡು ಸೆಕೆಂಡಲ್ಲಿ ಹೊಡೆದು ಎಲ್ಲ ಬಾಚ್ಕೊಂಡು ಹೋದ್ರು. ಯಾರು, ಎಲ್ಲಿಂದ, ಯಾವ ಆಯುಧ, ಏನೂ ಗೊತ್ತಾಗ್ಲಿಲ್ಲ, ಆ ಗೇಮ್ ಮತ್ತೆ ಓಪನ್ ಮಾಡ್ಲಿಲ್ಲ. ಹೆಚ್ಚುಕಮ್ಮಿ ಅದೇ ದಿನಗಳಲ್ಲಿ ಇನ್ನೊಂದು ಫೈಟಿಂಗ್ ಗೇಮಲ್ಲಿ ಒಬ್ಬರ ಹತ್ರಾನೇ ಸಾಲಾಗಿ ಇಪ್ಪತ್ತು ಸಲ ಸೋತಿದೀನಿ, ಆದ್ರೆ ಪ್ರತಿ ಸಲ ‘ಓ, ನಾನು ಹಾರಿದ್ದೇ ತಪ್ಪು, ಕೆಳಗೆ ಕಾದು ನಿಂತಿದ್ರು’ ಅಂತ ಕಾಣ್ತಿತ್ತು, ಸೋತ್ರೆ ಕಳೆದುಹೋಗೋದು ಒಂದು ನಿಮಿಷ ಅಷ್ಟೇ. ಆ ಗೇಮ್ ವರ್ಷಗಟ್ಟಲೆ ಆಡಿದೆ. ಹಾಗಾಗಿ ನಿಮ್ಮ ಗೇಮಲ್ಲಿ ಮೊದ್ಲು ನೋಡ್ಬೇಕಾದ್ದು ಸತ್ತ ಮೇಲೆ ಬರೋ ಸ್ಕ್ರೀನ್. ಅದು ಬರೀ ‘ಸೋತಿರಿ’ ಅನ್ನುತ್ತಾ, ಇಲ್ಲ ಕೊನೇ ಐದು ಸೆಕೆಂಡ್ ಎದುರಾಳಿ ಕಡೆಯಿಂದ ತೋರ್ಸಿ, ಯಾವ ಏಟು ಎಷ್ಟು ಡ್ಯಾಮೇಜ್ ಮಾಡ್ತು, ಅದನ್ನ ಬ್ಲಾಕ್ ಮಾಡಬಹುದಿತ್ತಾ ಅಂತ ಹೇಳುತ್ತಾ? ನಾಲ್ಕು ಜನರ ಟೀಮ್‌ಗೂ ಇದು ಆಗೋ ಕೆಲಸ. ಹಂಗೇ ಸೋಲಿನಿಂದ ಮುಂದಿನ ಮ್ಯಾಚ್‌ಗೆ ಎಷ್ಟು ಹೊತ್ತು ಅಂತಾನೂ ಗಡಿಯಾರ ಹಿಡಿದು ನೋಡಿ.

ಡ್ಯಾಮೇಜ್ ವಿಷಯದಲ್ಲಿ ಸ್ಟ್ರೀಟ್ ಫೈಟರ್ 6 ಅನ್ನೋ ಫೈಟಿಂಗ್ ಗೇಮ್ ನಿಮ್ಮ ಐಡಿಯಾಗೆ ಪೂರ್ತಿ ಉಲ್ಟಾ ಹೋಯ್ತು ನೋಡಿ. 2023ರಲ್ಲಿ ಬಂದಾಗ ಅದರಲ್ಲಿ ‘ಮಾಡರ್ನ್’ ಅನ್ನೋ ಕಂಟ್ರೋಲ್ ಇಟ್ರು, ಸ್ಟಿಕ್ ತಿರುಗಿಸಿ ತಿರುಗಿಸಿ ಹೊಡೀಬೇಕಿದ್ದ ಸ್ಪೆಷಲ್ ಏಟು ಒಂದೇ ಬಟನ್‌ಗೆ ಬರುತ್ತೆ, ಆದ್ರೆ ಹಾಗೆ ಸುಲಭವಾಗಿ ಹೊಡೆದ್ರೆ ಡ್ಯಾಮೇಜ್ 20% ಕಮ್ಮಿ. ಶಕ್ತಿ ಕೊಡ್ಲಿಲ್ಲ, ಬಾಗಿಲು ತೆಗೆದ್ರು, ಅದೂ ಎಲ್ರಿಗೂ ಗೊತ್ತಿರೋ ಲೆಕ್ಕದಲ್ಲಿ. ನನಗೆ ಇದು ತುಂಬಾ ಇಷ್ಟವಾದ ಡಿಸೈನ್. ಗಿಲ್ಡ್ ವಾರ್ಸ್ 2 ಅನ್ನೋ ಆನ್‌ಲೈನ್ ಆರ್‌ಪಿಜಿ (2012) ಇನ್ನೊಂದು ದಾರಿ ಹಿಡೀತು, ಅದರ ಪಿವಿಪಿ (ಪ್ಲೇಯರ್ ಎದುರು ಪ್ಲೇಯರ್) ಅಖಾಡಕ್ಕೆ ಇಳಿದ್ರೆ ಯಾರೇ ಆಗ್ಲಿ ಕೊನೇ ಲೆವೆಲ್ 80, ಗೇರ್ (ಆಯುಧ, ಕವಚ) ಶಕ್ತಿ ಎಲ್ರಿಗೂ ಸಮ, ಉಳಿಯೋ ವ್ಯತ್ಯಾಸ ಕೈಚಳಕದ್ದು ಮಾತ್ರ.

ಮ್ಯಾಚ್‌ಮೇಕಿಂಗ್, ಅಂದ್ರೆ ಯಾರಿಗೆ ಯಾರನ್ನ ಜೋಡಿ ಹಾಕೋದು ಅನ್ನೋದರ ಬಗ್ಗೆ ನೀವು ಕೇಳಿಲ್ಲ, ಆದ್ರೆ ಅರ್ಧ ತೊಂದರೆ ಅಲ್ಲೇ ಇದೆ ಅಂತ ನನ್ನ ಅನುಮಾನ. ಅರ್ಪಾದ್ ಎಲೋ ಅನ್ನೋ ಭೌತವಿಜ್ಞಾನದ ಮೇಷ್ಟ್ರು ಚೆಸ್‌ಗೆ ಅಂತ ಮಾಡಿದ ರೇಟಿಂಗ್ ಲೆಕ್ಕಾನ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ತಗೊಂಡ್ತು, ಅದರ ಪ್ರಕಾರ ರೇಟಿಂಗಲ್ಲಿ 400 ಪಾಯಿಂಟ್ ಅಂತರ ಇದ್ರೆ ಮೇಲಿನವರಿಗೆ 11 ಆಟಕ್ಕೆ ಸುಮಾರು 10 ಗೆಲುವಿನಷ್ಟು ಅಂಕ ಸಿಗುತ್ತೆ. ಆದ್ರೆ ನಿನ್ನೆ ಅಕೌಂಟ್ ಮಾಡಿದವರ ರೇಟಿಂಗ್ ಎಷ್ಟು ಅಂತ ಯಾರಿಗೆ ಗೊತ್ತು? ಅದಕ್ಕೇ 1995ರಲ್ಲಿ ಮಾರ್ಕ್ ಗ್ಲಿಕ್‌ಮನ್ ಅವ್ರು ‘ಗ್ಲಿಕೋ’ ತಂದ್ರು, ಅದು ರೇಟಿಂಗ್ ಜೊತೆಗೆ ‘ಈ ನಂಬರ್ ಮೇಲೆ ನಮಗೆ ಎಷ್ಟು ನಂಬಿಕೆ’ ಅನ್ನೋದನ್ನೂ ಇಟ್ಕೊಳ್ಳುತ್ತೆ, ಹೊಸಬರ ನಂಬರ್ ಬೇಗ ಬೇಗ ಮೇಲೆ ಕೆಳಗೆ ಹೋಗಿ ಸರಿಯಾದ ಜಾಗಕ್ಕೆ ಬರುತ್ತೆ. ನೀವು ಅದನ್ನೇ ಬಳಸಿ. ಆದ್ರೆ ಒಂದು ಮಾತು, ಆನ್‌ಲೈನಲ್ಲಿ ಇರೋದೇ ಮೂವತ್ತು ಜನ ಅಂದ್ರೆ ಯಾವ ಲೆಕ್ಕಾನೂ ಸರಿಜೋಡಿ ಹುಡುಕಿ ಕೊಡಲ್ಲ. ದಿನಕ್ಕೆ ಒಂದು ಗಂಟೆ ಹೊಸಬರಿಗೆ ಅಂತ ಫಿಕ್ಸ್ ಮಾಡಿ, ಎಲ್ಲ ಹೊಸಬರೂ ಒಟ್ಟಿಗೆ ಬರ್ಲಿ. ಮಿಕ್ಕ ಹೊತ್ತು ಬಾಟ್ ಹಾಕಿ, ಆದ್ರೆ ಬಾಟ್ ಅಂತ ಹೆಸರಿನ ಪಕ್ಕ ಬರೆದೇ ಹಾಕಿ.

ಪ್ರಶ್ನೆ: ನಾನೊಂದು ಗಿಲ್ಡ್ (ಗೇಮ್ ಒಳಗಿನ ಪ್ಲೇಯರ್‌ಗಳ ಗುಂಪು) ನಡೆಸ್ತೀನಿ. ನಮ್ಮ ಗೇಮಲ್ಲಿ ಸೇಫ್ ಜೋನ್ (ಯಾರೂ ಯಾರನ್ನೂ ಹೊಡೆಯೋ ಹಾಗಿಲ್ಲದ ಜಾಗ) ಮುಗಿಯೋ ಗೆರೆ ಹತ್ರಾನೇ ಹಳಬರು ಕಾದು ನಿಂತು ಹೊಸಬರನ್ನ ಹೊಡೀತಾರೆ. ಕೇಳಿದ್ರೆ ‘ನಾವೂ ಹಂಗೇ ಕಲಿತಿದ್ದು, ಭಯ ತೆಗೆದ್ರೆ ಗೇಮ್ ಸಪ್ಪೆ’ ಅಂತಾರೆ.
— ಗಿಲ್ಡ್ ಲೀಡರ್

ಉತ್ತರ: ‘ಸಪ್ಪೆ ಆಗುತ್ತೆ’ ಅನ್ನೋದ್ರಲ್ಲಿ ಸ್ವಲ್ಪ ನಿಜ ಇದೆ, ಅದನ್ನ ತಳ್ಳಿಹಾಕಬೇಡಿ. ಅಲ್ಟಿಮಾ ಆನ್‌ಲೈನ್ ಅನ್ನೋ ಗೇಮ್ 1997ರಲ್ಲಿ ಬಂದಾಗ ಊರು ಬಿಟ್ಟು ಹೊರಗೆ ಕಾಲಿಟ್ರೆ ಯಾರು ಬೇಕಾದ್ರೂ ಕೊಲ್ಲಬಹುದಿತ್ತು. 2000ದಲ್ಲಿ ಲೋಕಾನೇ ಎರಡು ಮಾಡಿದ್ರು, ಫೆಲುಕಾದಲ್ಲಿ ಹಳೇ ರೂಲ್ಸು, ಟ್ರಾಮೆಲ್‌ನಲ್ಲಿ ಒಪ್ಪಿಗೆ ಇಲ್ದೆ ಹೊಡೆಯೋ ಹಾಗಿಲ್ಲ. ಬಹಳ ಜನ ಟ್ರಾಮೆಲ್‌ಗೇ ಹೋದ್ರು, ಹಂಗೆ ಮಾಡಿದ್ದು ಸರಿನಾ ತಪ್ಪಾ ಅನ್ನೋ ಜಗಳ ಇವತ್ತಿಗೂ ನಿಂತಿಲ್ಲ. ರೂನ್‌ಸ್ಕೇಪ್ ಅನ್ನೋ ಗೇಮ್ ಕೂಡ 2007ರ ಕೊನೇಲಿ ವೈಲ್ಡರ್ನೆಸ್ ಅನ್ನೋ ಕಾಡಿಂದ ಹೊಡೆದಾಟ ತೆಗೆದು, ಪ್ಲೇಯರ್‌ಗಳ ವೋಟ್ ತಗೊಂಡು 2011ರಲ್ಲಿ ವಾಪಸ್ ತರಬೇಕಾಯ್ತು.

ಆದ್ರೆ ಅದೇ ವೈಲ್ಡರ್ನೆಸ್‌ನಲ್ಲಿ ಒಂದು ಜಾಣ ರೂಲ್ ಇತ್ತು. ಕಾಡಿಗೂ ಲೆವೆಲ್ ಇದೆ, 5ನೇ ಲೆವೆಲ್ ಜಾಗದಲ್ಲಿ ನಿಮಗಿಂತ 5 ಕಾಂಬ್ಯಾಟ್ ಲೆವೆಲ್ (ಪ್ಲೇಯರ್‌ನ ಹೊಡೆದಾಟದ ಶಕ್ತಿ) ಮೇಲೆ ಕೆಳಗೆ ಇರೋರ ಮೇಲೆ ಮಾತ್ರ ಕೈ ಮಾಡಬಹುದು, ಒಳಗೆ ಹೋದಷ್ಟೂ ಆ ಅಂತರ ದೊಡ್ಡದಾಗುತ್ತೆ. ಅಂದ್ರೆ ಭಯಾನೂ ಇದೆ, ಎಷ್ಟು ಭಯ ಬೇಕು ಅಂತ ಹೆಜ್ಜೆ ಲೆಕ್ಕದಲ್ಲಿ ನೀವೇ ತೀರ್ಮಾನ ಮಾಡ್ಕೋಬಹುದು. ಗೋಡೆ ಕಟ್ಟೋದಕ್ಕಿಂತ ಇಳಿಜಾರು ಮಾಡೋದು ಒಳ್ಳೇದು ಅಂತ ನನಗೆ ಅನ್ಸೋದು ಇದಕ್ಕೇ. ಈವ್ ಆನ್‌ಲೈನ್ ಅನ್ನೋ ಬಾಹ್ಯಾಕಾಶ ಹಡಗುಗಳ ಗೇಮಲ್ಲಿ ಸೇಫ್ ಅನ್ನೋ ಜಾಗದಲ್ಲೂ ಹೊಡೀಬಹುದು, ಆದ್ರೆ ಕಾನ್ಕಾರ್ಡ್ ಪೊಲೀಸ್ ಬಂದು ಹೊಡೆದವನ ಹಡಗು ಪುಡಿ ಮಾಡುತ್ತೆ, ಕಾಪಾಡೋಕೆ ಅಲ್ಲ, ದಂಡ ಹಾಕೋಕೆ. ಜೊತೆಗೆ ಹೊಸಬರು ಶುರು ಮಾಡೋ ನಕ್ಷತ್ರ ಸಿಸ್ಟಮ್‌ಗಳಲ್ಲಿ ಅವ್ರನ್ನ ಕಾಡಬಾರ್ದು ಅಂತ ಕಂಪನಿ ರೂಲೇ ಇದೆ.

ಗೇಮ್ ನಿಮ್ಮ ಕೈಲಿಲ್ಲ, ಗಿಲ್ಡ್ ಇದೆಯಲ್ಲ. ತೀರಾ ಕೆಳಗಿನ ಲೆವೆಲ್‌ನವರನ್ನ ಹೊಡೆದ ಕಿಲ್ ಗಿಲ್ಡ್ ಲೆಕ್ಕಕ್ಕೆ ಬರಲ್ಲ ಅಂತ ಮಾಡಿ. ಹೊಡೆದ್ರೂ ಸಾಮಾನು ವಾಪಸ್ ಕೊಟ್ಟು, ಹೆಂಗೆ ಸತ್ತೆ ಅಂತ ಒಂದು ಸಾಲು ಮೆಸೇಜ್ ಹಾಕ್ಲಿ. ‘ನಾವೂ ಹಂಗೇ ಕಲಿತಿದ್ದು’ ಅನ್ನೋರಿಗೆ ಒಂದು ಪ್ರಶ್ನೆ ಕೇಳಿ, ನಿಮ್ಮ ಜೊತೆ ಶುರು ಮಾಡಿದವ್ರಲ್ಲಿ ಈಗ ಎಷ್ಟು ಜನ ಉಳಿದಿದಾರೆ? ಬಿಟ್ಟು ಹೋದವ್ರು ಬಂದು ತಮ್ಮ ಕತೆ ಹೇಳಲ್ಲ, ಉಳಿದವ್ರ ಮಾತಷ್ಟೇ ನಮಗೆ ಕೇಳ್ಸೋದು.

ಪ್ರಶ್ನೆ: ಎದುರಿಗಿರೋದು ನಿಜವಾದ ಮನುಷ್ಯ ಅಂತ ಗೊತ್ತಾದ ತಕ್ಷಣ ಕೈ ನಡುಗುತ್ತೆ. ಬಾಟ್ ಜೊತೆ ಆಡ್ಕೊಂಡೇ ಇದ್ದುಬಿಡ್ಲಾ?
— ಇನ್ನೊಬ್ಬ ಓದುಗರು

ಉತ್ತರ: ಇದ್ರೂ ತಪ್ಪಿಲ್ಲ. ಆದ್ರೆ ಕೇಳಿದೀರಿ ಅಂದ್ರೆ ಆಸೆ ಇದೆ. ರ‍್ಯಾಂಕ್ ಇಲ್ಲದ ಮೋಡ್ ತಗೊಳ್ಳಿ, ವಾಯ್ಸ್ ಮತ್ತು ಚಾಟ್ ಮೊದ್ಲೇ ಮ್ಯೂಟ್ ಮಾಡಿ, ತಿಂಗಳು ಪೂರ್ತಿ ಒಂದೇ ಕ್ಯಾರೆಕ್ಟರ್ ಇಟ್ಕೊಳ್ಳಿ. ಗೆಲ್ಲಬೇಕು ಅನ್ನೋದನ್ನ ಪಕ್ಕಕ್ಕಿಟ್ಟು ಈ ಮ್ಯಾಚಲ್ಲಿ ಎರಡು ಏಟು ಬ್ಲಾಕ್ ಮಾಡ್ತೀನಿ ಅಂತಷ್ಟೇ ಅಂದ್ಕೊಳ್ಳಿ. ಮೂರು ಮ್ಯಾಚ್ ಆದ್ಮೇಲೆ ನಿಲ್ಸಿ, ನಾಲ್ಕನೇದು ನಾಳೆ. ಎರಡು ವಾರ ಬಿಟ್ಟು ಬರೀರಿ, ಕೈ ಇನ್ನೂ ನಡುಗ್ತಿದ್ಯಾ ಅಂತ.